‘ಎತ್ತಿದ ಕೈ’ಗೆ ಇಂಗ್ಲಿಷಿನಲ್ಲಿ ಏನನ್ನಬೇಕು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬನನ್ನು ಮಾತಿಗೆ ಕರೆದರೆ ಅವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಆರಿಸಿಕೊಂಡಿರುವ ವಿಷಯ ಅದಕ್ಕಿಂತ ಚಿಕ್ಕದು. ಒಬ್ಬರಿಗೆ ಒಂದು ಕೆಲಸ ಬಹಳ ಚೆನ್ನಾಗಿ ಬರುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಇಷ್ಟೇ ವಿಷಯ. ಚಿಕ್ಕದಾದರೂ ಇದರಿಂದ ನಮ್ಮ ಮಕ್ಕಳ ಅನ್ನ ಬರುವುದೂ ಇದೆ, ತಪ್ಪುವುದೂ ಇದೆ. ಅದಕ್ಕೇ ಇದನ್ನು ಈ ಹಬ್ಬದ ದಿನ ಎತ್ತಿಕೊಂಡಿದ್ದೇನೆ.

ಕೆಲಸಕ್ಕೆ ಬರುವ ಹೊಸಬರನ್ನು ಇಂಟರ್‌ವ್ಯೂ ಮಾಡುವುದು ನನ್ನ ಉದ್ಯೋಗದ ಒಂದು ಭಾಗ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿ, ಮುಂದೆ ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿ ಬಂದ ಹುಡುಗ ಹುಡುಗಿಯರು ಲೆಕ್ಕ ಕೊಟ್ಟರೆ ಬಿಡಿಸುತ್ತಾರೆ, ಪ್ರೋಗ್ರಾಂ ಬರೆಯಿರಿ ಎಂದರೆ ಬರೆಯುತ್ತಾರೆ. ಆದರೆ ‘ವಾಟ್ ಆರ್ ಯು ಗುಡ್ ಅಟ್?’, ನಿಮಗೆ ಯಾವುದು ಚೆನ್ನಾಗಿ ಬರುತ್ತದೆ, ಎಂದು ಕೇಳಿದ ಕೂಡಲೇ ತಲೆ ತಗ್ಗಿಸುತ್ತಾರೆ. ಇಲ್ಲವಾದರೆ ಬಾಯಿಪಾಠ ಮಾಡಿದ ಮೂರು ಮಾತು ಒಪ್ಪಿಸುತ್ತಾರೆ: ‘ಐ ಆಮ್ ಹಾರ್ಡ್ ವರ್ಕಿಂಗ್, ಐ ಆಮ್ ಎ ಟೀಮ್ ಪ್ಲೇಯರ್, ಐ ಆಮ್ ಎ ಕ್ವಿಕ್ ಲರ್ನರ್.’ ಅವರಿಗಿಂತ ಮುಂಚೆ ಬಂದವರೂ ಅದನ್ನೇ ಹೇಳಿ ಹೋಗಿರುತ್ತಾರೆ. ಕೆಲಸ ಬಲ್ಲವರು, ಬಲ್ಲೆ ಎಂದು ಹೇಳಲು ಬಾರದೆ ಬಾಗಿಲಿನಿಂದ ಹೊರಗೆ ಹೋಗುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಇದಕ್ಕೆ ಇಂಗ್ಲಿಷ್ ಬಾರದಿರುವುದೊಂದೇ ಕಾರಣವಲ್ಲ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ಕೇಳುತ್ತಾ ಬೆಳೆದವರು ನಾವು. ತನ್ನನ್ನು ತಾನೇ ಹೊಗಳಿಕೊಳ್ಳುವವನನ್ನು ಊರು ಹಗುರವಾಗಿ ನೋಡುತ್ತದೆ. ಆ ಸಂಸ್ಕಾರ ಒಳ್ಳೆಯದೇ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಊರಿನಲ್ಲಿ ನಾವು ಹೇಳಿಕೊಳ್ಳಬೇಕಾಗಿಯೇ ಇಲ್ಲ. ಯಾರ ಮನೆಯ ಮಗಳು ಹೇಗೆ ಹಾಡುತ್ತಾಳೆ, ಯಾರ ಮಗ ಮೋಟಾರು ಬಿಚ್ಚಿ ಜೋಡಿಸುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಊರಿನ ಗಡಿ ದಾಟಿದ ಮೇಲೆ ನಮ್ಮನ್ನು ಬಲ್ಲವರಿಲ್ಲ. ಅಲ್ಲಿ ಕೊಡ ತುಳುಕಬೇಕಾಗಿಲ್ಲ. ಅದರಲ್ಲಿ ಎಷ್ಟು ನೀರಿದೆ ಎಂದು ಸರಿಯಾಗಿ ಹೇಳಿದರೆ ಸಾಕು. ಸರಿಯಾಗಿ ಹೇಳುವುದಕ್ಕೂ ಜಂಬ ಕೊಚ್ಚುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ವ್ಯತ್ಯಾಸವೇ ನನ್ನ ಇವತ್ತಿನ ಮಾತಿನ ತಿರುಳು.

ಮೊದಲು ಒಂದು ಪುಟ್ಟ ಪದದಿಂದ ಶುರು ಮಾಡೋಣ. ‘ಗಣಿತದಲ್ಲಿ ಜಾಣೆ’ ಎನ್ನುವುದನ್ನು ನಾವು ‘ಗುಡ್ ಇನ್ ಮ್ಯಾಥ್ಸ್’ ಎನ್ನುತ್ತೇವೆ. ಕನ್ನಡದ ‘-ಅಲ್ಲಿ’ ಪ್ರತ್ಯಯ ನಮ್ಮನ್ನು ‘ಇನ್’ ಕಡೆಗೆ ಎಳೆಯುತ್ತದೆ. ಇಂಗ್ಲಿಷಿನವರ ರೂಢಿ ‘ಗುಡ್ ಅಟ್ ಮ್ಯಾಥ್ಸ್’. ‘ಗುಡ್ ವಿತ್’ ಎಂದರೆ ಬೇರೆ: ‘ಗುಡ್ ವಿತ್ ಚಿಲ್ಡ್ರನ್’ ಎಂದರೆ ಮಕ್ಕಳನ್ನು ಚೆನ್ನಾಗಿ ನಿಭಾಯಿಸುವವರು, ‘ಗುಡ್ ವಿತ್ ಹರ್ ಹ್ಯಾಂಡ್ಸ್’ ಎಂದರೆ ಕೈಕೆಲಸ ಬಲ್ಲವಳು. ‘ಗುಡ್ ಫಾರ್’ ಎಂದರೆ ಮತ್ತೂ ಬೇರೆ, ಅದು ಯಾವುದಕ್ಕೆ ಒಳ್ಳೆಯದು ಎಂಬ ಅರ್ಥ. ಅದರ ಮುಂದೆ ‘ನಥಿಂಗ್’ ಸೇರಿದರೆ ಕೆಲಸಕ್ಕೆ ಬಾರದವನು ಎಂಬ ಬೈಗುಳ. ನೋಡಿ ಮಕ್ಕಳೇ, ‘ಗುಡ್’ ಅದೇ ಇದ್ದರೂ ಪಕ್ಕದ ಸಣ್ಣ ಪದ ಬದಲಾದರೆ ಹೊಗಳಿಕೆಯೂ ಬದಲಾಗುತ್ತದೆ. ಆದ್ದರಿಂದ ಇಂಥ ಮಾತುಗಳನ್ನು ಒಂಟಿ ಪದವಾಗಿ ಕಲಿಯಬೇಡಿ, ಜೋಡಿಯಾಗಿ ಕಲಿಯಿರಿ: ‘ಸ್ಕಿಲ್ಡ್ ಅಟ್’, ‘ಪ್ರೊಫಿಶಿಯೆಂಟ್ ಇನ್’, ‘ವೆಲ್ ವರ್ಸ್ಡ್ ಇನ್’, ‘ಎ ಗಿಫ್ಟ್ ಫಾರ್’, ‘ಎ ನ್ಯಾಕ್ ಫಾರ್’.

ಇನ್ನು ಸ್ವಲ್ಪ ಸ್ವಾರಸ್ಯದ ವಿಷಯ. ಕೌಶಲವನ್ನು ಹೊಗಳುವಾಗ ಕನ್ನಡವೂ ಇಂಗ್ಲಿಷೂ ಮನುಷ್ಯನ ಮೈಯಿಂದಲೇ ಪದ ಎತ್ತಿಕೊಳ್ಳುತ್ತವೆ. ನಾವು ‘ಪಳಗಿದ ಕೈ’, ‘ಎತ್ತಿದ ಕೈ’, ‘ಸಿದ್ಧಹಸ್ತ’, ‘ಕೈಗುಣ’ ಎನ್ನುತ್ತೇವೆ. ಇಂಗ್ಲಿಷಿನವರಲ್ಲಿ ಲೆಕ್ಕ ಚೆನ್ನಾಗಿ ಬರುವವರಿಗೆ ‘ಎ ಹೆಡ್ ಫಾರ್ ಫಿಗರ್ಸ್’ ಇದೆ, ಸಂಗೀತದ ಸೂಕ್ಷ್ಮ ಹಿಡಿಯುವವರಿಗೆ ‘ಆನ್ ಇಯರ್ ಫಾರ್ ಮ್ಯೂಸಿಕ್’ ಇದೆ, ಸಣ್ಣ ತಪ್ಪನ್ನೂ ಕಂಡುಹಿಡಿಯುವವರಿಗೆ ‘ಆನ್ ಐ ಫಾರ್ ಡೀಟೇಲ್’ ಇದೆ. ಗಿಡ ನೆಟ್ಟರೆ ಒಣಗಗೊಡದವರಿಗೆ ಬ್ರಿಟನ್ನಿನವರು ‘ಗ್ರೀನ್ ಫಿಂಗರ್ಸ್’ ಎಂದರೆ ಅಮೆರಿಕದವರು ‘ಗ್ರೀನ್ ಥಂಬ್’ ಎನ್ನುತ್ತಾರೆ. ಒಬ್ಬರಿಗೆ ಬೆರಳೆಲ್ಲ ಹಸಿರು, ಇನ್ನೊಬ್ಬರಿಗೆ ಹೆಬ್ಬೆರಳು ಮಾತ್ರ! ಚೆನ್ನಾಗಿ ತಿಳಿದ ವಿಷಯಕ್ಕೆ ನಾವು ‘ಅಂಗೈ ಮೇಲಿನ ನೆಲ್ಲಿಕಾಯಿ’ ಎನ್ನುತ್ತೇವೆ. ಅವರು ಊರಿನ ಮೂಲೆ ಮೂಲೆಯನ್ನೂ ಬಲ್ಲವರನ್ನು ‘ನೋಸ್ ಇಟ್ ಲೈಕ್ ದ ಬ್ಯಾಕ್ ಆಫ್ ಹಿಸ್ ಹ್ಯಾಂಡ್’ ಎಂದು ವರ್ಣಿಸುತ್ತಾರೆ. ನಾವು ಅಂಗೈ ನೋಡಿಕೊಂಡೆವು, ಅವರು ಮುಂಗೈ ನೋಡಿಕೊಂಡರು.

ಹೀಗೆ ಹತ್ತಿರ ಹತ್ತಿರ ಇದ್ದರೂ ಪದಕ್ಕೆ ಪದ ಇಟ್ಟು ದಾಟಿಸಲು ಬರುವುದಿಲ್ಲ. ‘ಅಡುಗೆಯಲ್ಲಿ ನಮ್ಮಮ್ಮ ಎತ್ತಿದ ಕೈ’ ಎನ್ನುವುದನ್ನು ‘ರೈಸ್ಡ್ ಹ್ಯಾಂಡ್’ ಎಂದರೆ ಅಮ್ಮ ತರಗತಿಯಲ್ಲಿ ಕೈ ಎತ್ತಿ ನೀರು ಕುಡಿಯಲು ಅಪ್ಪಣೆ ಕೇಳುತ್ತಿದ್ದಾರೆ ಎಂದಾಗುತ್ತದೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಅದಕ್ಕೆ ‘ಎ ಡ್ಯಾಬ್ ಹ್ಯಾಂಡ್ ಅಟ್ ಕುಕಿಂಗ್’ ಎಂಬ ಮಾತಿದೆ. ಅಮೆರಿಕದವರು ಅದನ್ನು ಅಷ್ಟಾಗಿ ಬಳಸುವುದಿಲ್ಲ. ‘ಅರಳು ಹುರಿದ ಹಾಗೆ ಮಾತಾಡುತ್ತಾಳೆ’ ಎಂಬುದರ ಸೊಗಸು ‘ಫ್ಲೂಯೆಂಟ್’ ಎಂಬ ಪದದಲ್ಲಿ ಬರುವುದಿಲ್ಲ, ಕೆಲಸ ಮಾತ್ರ ನಡೆಯುತ್ತದೆ. ‘ಆ ಡಾಕ್ಟರ ಕೈಗುಣ ಚೆನ್ನಾಗಿದೆ’ ಎಂಬ ಮಾತಿಗಂತೂ ಇಂಗ್ಲಿಷಿನಲ್ಲಿ ಸರಿಸಮನಾದದ್ದು ನನಗೆ ಇನ್ನೂ ಸಿಕ್ಕಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕೌಶಲವನ್ನು ಗುರುತಿಸುವ ಮಾತು ನಮ್ಮಲ್ಲಿ ಧಾರಾಳವಾಗಿದೆ. ಹೊಸದಾಗಿ ಕಲಿಯಬೇಕಾದದ್ದು ಇನ್ನೊಂದು ಭಾಷೆಯ ರೂಢಿಯನ್ನು ಮಾತ್ರ.

ರೂಢಿ ತಿಳಿಯದಿದ್ದರೆ ಆಗುವ ತಮಾಷೆಗೆ ಒಂದೆರಡು ಉದಾಹರಣೆ. ‘ಪಾಸ್ಟ್ ಮಾಸ್ಟರ್’ ಎಂದರೆ ಮಾಜಿ ಮೇಷ್ಟ್ರು ಅಲ್ಲ. ಸಂಘಗಳಲ್ಲಿ ‘ಮಾಸ್ಟರ್’ ಪದವಿಯನ್ನು ನಡೆಸಿ ಮುಗಿಸಿದವರಿಗೆ ಇದ್ದ ಹೆಸರು, ಆಮೇಲೆ ಪಾರಂಗತ ಎಂಬ ಅರ್ಥಕ್ಕೆ ತಿರುಗಿತು. ಇದನ್ನು ವ್ಯಂಗ್ಯವಾಗಿಯೂ ಬಳಸುತ್ತಾರೆ. ನೆಪ ಹೇಳುವುದರಲ್ಲಿ ‘ಪಾಸ್ಟ್ ಮಾಸ್ಟರ್’ ಎಂದರೆ, ನಾವು ‘ಸುಳ್ಳು ಹೇಳೋದ್ರಲ್ಲಿ ಎತ್ತಿದ ಕೈ’ ಎನ್ನುವ ಹಾಗೆ. ‘ಸೆಕೆಂಡ್ ಟು ನನ್’ ಎಂದರೆ ಎರಡನೇ ಸ್ಥಾನ ಅಲ್ಲ, ಯಾರಿಗೂ ಎರಡನೆಯವರಲ್ಲ, ಅಂದರೆ ಮೊದಲಿಗರು. ‘ಜಾಕ್ ಆಫ್ ಆಲ್ ಟ್ರೇಡ್ಸ್’ ಎಂದು ನಿಮ್ಮನ್ನು ನೀವೇ ಕರೆದುಕೊಳ್ಳುವ ಮುಂಚೆ ಯೋಚಿಸಿ. ಕೇಳುವವರು ಮನಸ್ಸಿನಲ್ಲೇ ‘ಮಾಸ್ಟರ್ ಆಫ್ ನನ್’ ಎಂದು ಸೇರಿಸಿಕೊಳ್ಳುತ್ತಾರೆ. ‘ಕ್ರಾಫ್ಟ್’ ಎಂದರೆ ಕಸುಬು, ಆದರೆ ‘ಕ್ರಾಫ್ಟಿ’ ಎಂದರೆ ಕಸುಬುದಾರ ಅಲ್ಲ, ಕುತಂತ್ರಿ. ‘ಸ್ಮಾರ್ಟ್’ ಎಂದರೆ ನಮ್ಮಲ್ಲಿ ನೋಡಲು ಚೆನ್ನಾಗಿರುವವರು, ಅಮೆರಿಕದಲ್ಲಿ ಬುದ್ಧಿವಂತರು.

ಇನ್ನೊಂದು ಮಾತನ್ನು ನಮ್ಮ ಹಿರಿಯರು ಖಂಡಿತ ಮೆಚ್ಚುತ್ತಾರೆ. ಬ್ರಿಟನ್ನಿನವರು ‘ನಾಟ್ ಬ್ಯಾಡ್’ ಎಂದರೆ ಎಷ್ಟೋ ಸಲ ಅದು ದೊಡ್ಡ ಶಹಭಾಸ್‌ಗಿರಿ. ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ನಮಗೆ ಸುಲಭ. ಬೆಳೆ ನೋಡಲು ಬಂದ ಅಜ್ಜ ಬದುವಿನ ಮೇಲೆ ನಿಂತು ‘ಪರವಾಗಿಲ್ವೇ!’ ಎಂದರೆ ಅದಕ್ಕಿಂತ ದೊಡ್ಡ ಬಿರುದು ನಮ್ಮೂರಲ್ಲಿ ಉಂಟೇ? ಇನ್ನು ‘ಗುರು’, ‘ಪಂಡಿತ’ ಎಂಬ ಪದಗಳಂತೂ ಇಲ್ಲಿಂದಲೇ ಹೋಗಿ ಇಂಗ್ಲಿಷ್ ನಿಘಂಟು ಸೇರಿದವು. ಈಗ ಅಲ್ಲಿ ವ್ಯಾಪಾರ ಹೇಳಿಕೊಡುವವನು ‘ಮ್ಯಾನೇಜ್‌ಮೆಂಟ್ ಗುರು’, ಟಿ.ವಿ.ಯಲ್ಲಿ ಕುಳಿತು ಚುನಾವಣೆಯ ಭವಿಷ್ಯ ಹೇಳುವವನು ‘ಪಂಡಿತ್’.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಕೌಶಲದ ಮಾತುಗಳಲ್ಲಿ ಎರಡು ಜಾತಿ ಇವೆ. ಒಂದು, ನಮ್ಮ ಬಗ್ಗೆ ನಾವೇ ಹೇಳಬಹುದಾದದ್ದು. ಇನ್ನೊಂದು, ನಮ್ಮ ಬಗ್ಗೆ ಬೇರೆಯವರು ಮಾತ್ರ ಹೇಳಬೇಕಾದದ್ದು.

ಮೊದಲನೆಯದರಲ್ಲಿ ನಾಲ್ಕು ಮೆಟ್ಟಿಲು ನೆನಪಿಟ್ಟುಕೊಳ್ಳಿ. ಕೆರೆಯಲ್ಲಿ ಈಜುವುದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಫ್ಯಾಮಿಲಿಯರ್ ವಿತ್’ ಎಂದರೆ ಕೆರೆಗೆ ಇಳಿದಿದ್ದೇನೆ, ನೀರಿನ ಪರಿಚಯ ಇದೆ. ‘ವರ್ಕಿಂಗ್ ನಾಲೆಡ್ಜ್ ಆಫ್’ ಎಂದರೆ ಮುಳುಗದೆ ದಡ ಸೇರಬಲ್ಲೆ. ‘ಪ್ರೊಫಿಶಿಯೆಂಟ್ ಇನ್’ ಎಂದರೆ ಯಾರ ಸಹಾಯವಿಲ್ಲದೆ ಈ ದಡದಿಂದ ಆ ದಡಕ್ಕೆ ಹೋಗಿ ಬರಬಲ್ಲೆ. ‘ಎಕ್ಸ್‌ಪರ್ಟ್ ಇನ್’ ಎಂದರೆ ಮುಳುಗುತ್ತಿರುವ ಇನ್ನೊಬ್ಬರನ್ನು ಎಳೆದು ತರಬಲ್ಲೆ. ಬಯೋಡೇಟಾದಲ್ಲಿ ಯಾವ ಮೆಟ್ಟಿಲಿನ ಹೆಸರು ಬರೆಯುತ್ತೀರೋ ಆ ಮೆಟ್ಟಿಲಿನ ಪ್ರಶ್ನೆಯೇ ಎದುರಿಗೆ ಬರುತ್ತದೆ. ಆರು ತಿಂಗಳು ಕಲಿತ ಭಾಷೆಗೆ ‘ಎಕ್ಸ್‌ಪರ್ಟ್’ ಎಂದು ಬರೆದರೆ, ಕೇಳುವವರು ನಡುಕೆರೆಗೇ ಕರೆದುಕೊಂಡು ಹೋಗುತ್ತಾರೆ. ಹಾಗೆಯೇ ಕೆರೆ ದಾಟಬಲ್ಲವರು ಸಂಕೋಚದಿಂದ ‘ಪರಿಚಯ ಇದೆ’ ಎಂದು ಬರೆದರೆ ದಡದಲ್ಲೇ ಕೂರಿಸುತ್ತಾರೆ. ಹೆಚ್ಚು ಹೇಳುವುದು ಎಷ್ಟು ತಪ್ಪೋ ಕಡಿಮೆ ಹೇಳುವುದೂ ಅಷ್ಟೇ ತಪ್ಪು.

ಎರಡನೆಯ ಜಾತಿಯ ಮಾತುಗಳು ದೊಡ್ಡವು. ‘ಎ ಕಟ್ ಅಬವ್ ದ ರೆಸ್ಟ್’, ‘ಹೆಡ್ ಅಂಡ್ ಶೋಲ್ಡರ್ಸ್ ಅಬವ್ ಅದರ್ಸ್’, ‘ಇನ್ ಎ ಲೀಗ್ ಆಫ್ ಹರ್ ಓನ್’, ‘ಜೀನಿಯಸ್’. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ‘ರಾಕ್‌ಸ್ಟಾರ್’, ‘ಕೋಡಿಂಗ್ ನಿಂಜಾ’ ಎಂಬ ಹೊಸ ಬಿರುದುಗಳೂ ಚಾಲ್ತಿಯಲ್ಲಿವೆ. ಇವುಗಳನ್ನು ತಮಗೆ ತಾವೇ ತೊಡಿಸಿಕೊಳ್ಳುವುದು ತನ್ನ ಕೊರಳಿಗೆ ತಾನೇ ಹಾರ ಹಾಕಿಕೊಂಡ ಹಾಗೆ. ಹಾರ ಒಳ್ಳೆಯದೇ, ಆದರೆ ಹಾಕುವ ಕೈ ಬೇರೆಯವರದಾಗಿರಬೇಕು.

ಇದನ್ನು ಚೆನ್ನಾಗಿ ತೋರಿಸುವ ಒಂದು ಪತ್ರ ನಮ್ಮ ದೇಶದ ಚರಿತ್ರೆಯಲ್ಲಿದೆ. 1913ರ ಜನವರಿ 16ರಂದು ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಯ ಗುಮಾಸ್ತರೊಬ್ಬರು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರಿಗೆ ಒಂದು ಕಾಗದ ಬರೆದರು. ಅವರೇ ಶ್ರೀನಿವಾಸ ರಾಮಾನುಜನ್. ಆ ಕಾಗದದಲ್ಲಿ ‘ನಾನು ಮಹಾ ಪ್ರತಿಭಾವಂತ’ ಎಂಬ ಮಾತಿಲ್ಲ. ತಾನು ಗುಮಾಸ್ತ, ವರ್ಷಕ್ಕೆ ಇಪ್ಪತ್ತು ಪೌಂಡ್ ಸಂಬಳ, ವಿಶ್ವವಿದ್ಯಾಲಯದ ಶಿಕ್ಷಣ ಇಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರು. ಹೊಗಳಿಕೆಯ ಪದ ಬಂದ ಕಡೆ, ಅದು ಸ್ಥಳೀಯ ಗಣಿತಜ್ಞರು ಹೇಳಿದ ಮಾತು ಎಂದು ತಿಳಿಸಿದರು. ಆಮೇಲೆ ತಾವು ಕಂಡುಹಿಡಿದ ಗಣಿತದ ಫಲಿತಗಳನ್ನು ಪುಟಗಟ್ಟಲೆ ಲಗತ್ತಿಸಿದರು. ಹಾರ್ಡಿ ಆ ಪುಟಗಳನ್ನು ನೋಡಿದರು. 1914ರಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹೋದರು, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ‘ಜೀನಿಯಸ್’ ಎಂದು ಜಗತ್ತೇ ಕರೆಯಿತು. ಮಕ್ಕಳೇ, ಉದ್ಯೋಗಕ್ಕೆ ಅರ್ಜಿ ಬರೆಯುವಾಗ ಈ ಕಾಗದದ ಕ್ರಮ ನೆನಪಿಡಿ: ಇದ್ದದ್ದನ್ನು ಹೇಳುವುದು, ಹೊಗಳಿಕೆಯನ್ನು ಹೇಳಿದವರ ಲೆಕ್ಕಕ್ಕೇ ಬಿಡುವುದು, ಕೆಲಸವನ್ನು ತೋರಿಸುವುದು.

ನಮ್ಮ ರಾಜ್ಯದವರಿಗೆ ಇಂಗ್ಲಿಷ್ ಲೋಕ ಕೊಟ್ಟ ಬಿರುದುಗಳನ್ನೇ ನೋಡಿ. ಬೆಂಗಳೂರಿನ ಶಕುಂತಲಾ ದೇವಿಯವರನ್ನು ‘ಹ್ಯೂಮನ್ ಕಂಪ್ಯೂಟರ್’ ಎಂದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿದವರು ಅವರು. ರಾಹುಲ್ ದ್ರಾವಿಡ್ ಅವರನ್ನು ‘ದ ವಾಲ್’ ಎಂದರು. ನಮ್ಮಲ್ಲಿ ಒಬ್ಬರನ್ನು ಗೋಡೆ ಎಂದರೆ, ಹೇಳಿದ್ದು ಕಿವಿಗೇ ಹೋಗದವರು ಎಂದರ್ಥ! ಆದರೆ ಟೆಸ್ಟ್ ಪಂದ್ಯಗಳಲ್ಲಿ 31,258 ಎಸೆತ ಎದುರಿಸಿ ನಿಂತವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆ ನೋಡಿ. ಇನ್ಯಾರೂ ಟೆಸ್ಟ್‌ನಲ್ಲಿ ಅಷ್ಟು ಎಸೆತ ಆಡಿಲ್ಲ. ಬಿರುದಿನ ಹಿಂದೆ ಅಂಕಿ ಇದೆ, ಅಂಕಿಯ ಹಿಂದೆ ದುಡಿಮೆ ಇದೆ.

ಕನ್ನಡದ ಬಿರುದು ಇನ್ನೂ ಒಂದು ಹೆಜ್ಜೆ ಮುಂದೆ. ಪಾವಗಡ ತಾಲ್ಲೂಕಿನ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ಜನ ಅವರನ್ನು ‘ಸೂಲಗಿತ್ತಿ ನರಸಮ್ಮ’ ಎಂದೇ ಕರೆದರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಹುಲಿಕಲ್-ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದರು. ಅವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಇಂಗ್ಲಿಷಿನವರು ಅವರಿಗೆ ‘ಗ್ರೀನ್ ಫಿಂಗರ್ಸ್’ ಎನ್ನಬಹುದಿತ್ತು. ನಮ್ಮ ಜನ ‘ಸಾಲುಮರದ ತಿಮ್ಮಕ್ಕ’ ಎಂದರು. ಅದ್ಭುತ, ಅಪ್ರತಿಮ ಎಂಬ ಒಂದು ವಿಶೇಷಣವೂ ಇಲ್ಲ. ಮಾಡಿದ ಕೆಲಸವೇ ಹೆಸರಿನ ಮುಂದೆ ಬಂದು ಕುಳಿತಿದೆ. ಹೊಗಳುವುದಾದರೆ ಹೀಗೆ ಹೊಗಳಬೇಕು ಎಂದು ನನಗೆ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ದಾರಿ ಹಿಡಿದರೆ ಸಾಕು: ಒಂದು ಮಾತಿನಲ್ಲಿ ಕೌಶಲ, ಅದರ ಬೆನ್ನಿಗೇ ಮಾಡಿದ ಕೆಲಸ.

ಹೇಗೆಂದು ತೋರಿಸುತ್ತೇನೆ. ಹತ್ತನೇ ತರಗತಿಯ ಒಬ್ಬ ಹುಡುಗಿ ಮನೆಯ ಹಾಲಿನ ಡೇರಿ ಲೆಕ್ಕವನ್ನು ಎರಡು ವರ್ಷದಿಂದ ತಾನೇ ನೋಡಿಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ಎಷ್ಟು ಲೀಟರ್, ಎಷ್ಟು ಫ್ಯಾಟ್, ಹಿಂಡಿಗೆ ಎಷ್ಟು ಹಿಡಿದುಕೊಂಡರು, ಕೈಗೆ ಎಷ್ಟು ಬಂತು, ಎಲ್ಲ ಅವಳ ಪುಸ್ತಕದಲ್ಲಿದೆ. ಅವಳು ‘ಐ ಆಮ್ ಹಾರ್ಡ್ ವರ್ಕಿಂಗ್’ ಎನ್ನಬೇಕಾಗಿಲ್ಲ. ‘ಐ ಹ್ಯಾವ್ ಎ ಹೆಡ್ ಫಾರ್ ಫಿಗರ್ಸ್. ಐ ಹ್ಯಾವ್ ಕೆಪ್ಟ್ ಅವರ್ ಮಿಲ್ಕ್ ಅಕೌಂಟ್ಸ್ ಫಾರ್ ಟೂ ಇಯರ್ಸ್’ ಎಂದರೆ ಕೇಳುವವರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಅಪ್ಪನ ಜೊತೆ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಕಲಿತ ಹುಡುಗ ‘ಐ ಆಮ್ ಗುಡ್ ವಿತ್ ಮೈ ಹ್ಯಾಂಡ್ಸ್. ಐ ಕ್ಯಾನ್ ರಿವೈಂಡ್ ಎ ಪಂಪ್ ಮೋಟಾರ್’ ಎನ್ನಲಿ. ಎರಡು ಸಣ್ಣ ವಾಕ್ಯ. ಮೊದಲನೆಯದು ಮಾತು, ಎರಡನೆಯದು ಅದಕ್ಕೆ ಸಾಕ್ಷಿ. ಇದರಲ್ಲಿ ಜಂಬ ಎಲ್ಲಿದೆ ಹೇಳಿ?

ಗುರುಗಳಲ್ಲಿ ನನ್ನದೊಂದು ಪ್ರಾರ್ಥನೆ. ಶಾಲೆ ಬಿಡುವಾಗ ಮಕ್ಕಳಿಗೆ ಕೊಡುವ ನಡತೆ ಪತ್ರದಲ್ಲಿ ಎಲ್ಲರಿಗೂ ‘ಗುಡ್’ ಎಂದೇ ಇರುತ್ತದೆ. ಅದು ನಿಯಮದ ಕಾಗದ, ಇರಲಿ. ಅದರ ಜೊತೆ ಪ್ರತಿ ಮಗುವಿಗೂ ಇನ್ನೊಂದು ಚೀಟಿ ಕೊಡಲು ಸಾಧ್ಯವೇ? ಆ ಮಗುವಿಗೆ ನಿಜವಾಗಿ ಚೆನ್ನಾಗಿ ಬರುವ ಒಂದು ಕೆಲಸ, ಅದನ್ನು ನೀವು ಎಲ್ಲಿ ಕಂಡಿರಿ ಎಂಬ ಒಂದು ಸಾಕ್ಷಿ. ಕನ್ನಡದಲ್ಲಿ ಎರಡು ಸಾಲು, ಇಂಗ್ಲಿಷಿನಲ್ಲಿ ಎರಡು ಸಾಲು. ಅಂಕಪಟ್ಟಿಯಲ್ಲಿ ನೂರಕ್ಕೆ ನಲವತ್ತು ಬಂದ ಮಗುವಿಗೂ ಅಂಥ ಎರಡು ಸಾಲು ಸಿಕ್ಕೇ ಸಿಗುತ್ತದೆ. ವಿಜ್ಞಾನ ಮೇಳದ ದಿನ ವೈರಿಂಗ್ ಮಾಡಿದವನು ಯಾರು, ಜಗಳವಾದಾಗ ಇಬ್ಬರನ್ನೂ ಕೂರಿಸಿ ಸಮಾಧಾನ ಮಾಡಿದವಳು ಯಾರು ಎಂಬುದು ನಿಮಗಲ್ಲದೆ ಇನ್ನಾರಿಗೆ ಗೊತ್ತು? ಈ ಚೀಟಿಗಳ ಇಂಗ್ಲಿಷ್ ಸಾಲುಗಳನ್ನು ತಿದ್ದಿಕೊಡಲು ಹಳೆಯ ವಿದ್ಯಾರ್ಥಿಗಳಾದ ನಾವು ಸಿದ್ಧರಿದ್ದೇವೆ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಊರಿನ ಹಿರಿಯರಲ್ಲಿ ಇನ್ನೊಂದು ಮಾತು. ಮಕ್ಕಳನ್ನು ಎದುರಿಗೆ ಹೊಗಳಬಾರದು, ದೃಷ್ಟಿಯಾಗುತ್ತದೆ, ತಲೆ ತಿರುಗುತ್ತದೆ ಎಂದು ನೀವು ಸುಮ್ಮನಿರುತ್ತೀರಿ. ಬರೀ ಜಾಣ, ಜಾಣೆ ಎಂದು ಹೊಗಳಿದರೆ ತಲೆ ತಿರುಗೀತು, ನಿಜ. ಆದರೆ ‘ನೀನು ಕಟ್ಟಿದ ಹೊರೆ ಬಿಚ್ಚಿಕೊಳ್ಳೋದಿಲ್ಲ ಕಣೋ’, ‘ನೀನು ಬರೆದ ಲೆಕ್ಕ ಒಂದು ಪೈಸೆ ಹೆಚ್ಚುಕಮ್ಮಿ ಆಗೋದಿಲ್ಲ ಕಣವ್ವಾ’ ಎಂದರೆ ಯಾವ ತಲೆಯೂ ತಿರುಗುವುದಿಲ್ಲ. ತನಗೆ ಏನು ಬರುತ್ತದೆ ಎಂದು ಆ ಮಗುವಿಗೆ ತಿಳಿಯುತ್ತದೆ. ಕನ್ನಡದಲ್ಲಿ ಒಮ್ಮೆಯೂ ಆ ಮಾತು ಕೇಳದ ಮಗು ನಾಳೆ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಪದಗಳನ್ನು ಎಲ್ಲಿಂದ ತಂದೀತು?

ಈ ಶಾಲೆ ಐವತ್ತು ವರ್ಷದಲ್ಲಿ ಏನು ಮಾಡಿದೆ ಎಂದು ಕೇಳಿದರೆ ದೊಡ್ಡ ವಿಶೇಷಣಗಳನ್ನು ಹುಡುಕಬೇಕಾಗಿಲ್ಲ. ಈ ಪೆಂಡಾಲಿನೊಳಗೆ ಕುಳಿತವರ ಕಡೆ ತೋರಿಸಿದರೆ ಆಯಿತು. ಬೇಸಾಯಗಾರರು, ನರ್ಸ್‌ಗಳು, ಮೇಷ್ಟ್ರುಗಳು, ಡ್ರೈವರುಗಳು, ಲೈನ್‌ಮನ್‌ಗಳು, ಅಂಗನವಾಡಿ ಕಾರ್ಯಕರ್ತೆಯರು, ಇಂಜಿನಿಯರುಗಳು ಎಲ್ಲರೂ ಇದ್ದಾರೆ. ನಮ್ಮ ಗುರುಗಳು ಇದೇ ಕಟ್ಟಡದಲ್ಲಿ ಮಾಡಿದ ಕೆಲಸಕ್ಕೆ ಇವರೇ ಸಾಕ್ಷಿ.

 ಭಾಷಣ ಹೇಗಿತ್ತು ಎಂದು ಯಾರಾದರೂ ಕೇಳಿದರೆ, ‘ಪರವಾಗಿಲ್ಲ’ ಎಂದುಬಿಡಿ. ನನಗೆ ಅಷ್ಟು ಸಾಕು.